ಸದರಿ

ಆಷಾಢದ ಗಾಳಿ ಎದ್ದರೆ ಹುಣಸೂರಿನಲ್ಲಿ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಇಂಟರ್‌ನೆಟ್ಟು. ಕರೆಂಟಿಗೆ ಯುಪಿಎಸ್ ಇದೆ. ಇಂಟರ್‌ನೆಟ್ಟಿಗೆ ತಾಳ್ಮೆಯೊಂದೇ ಗತಿ. ಅಮ್ಮನಿಗೆ ವಯಸ್ಸಾಯಿತೆಂದು ಬೆಂಗಳೂರು ಬಿಟ್ಟು ಬಂದು, ಹಳೇ ಮನೆಯ ನಡುಮನೆಯಲ್ಲಿ ಮೇಜು ಹಾಕಿಕೊಂಡು, ಎಲ್ಲೋ ಇರುವ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಸರ್ವರ್‌ನಲ್ಲಿರುವ ಫೈಲನ್ನು ಅಲ್ಲಿಗೇ ಹೋಗಿ ತಿದ್ದುವುದು ನನ್ನ ಹಳೆಯ ರೂಢಿ. ಮಳೆ ಹಿಡಿದ ದಿನ ಮಾತ್ರ ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗಿ, ತಿರುಗಿ ಬಂದು ಪರದೆಯ ಮೇಲೆ ಮೂಡುವಷ್ಟರಲ್ಲಿ ನಾನೇನು ಬರೆಯಲು ಹೊರಟಿದ್ದೆ ಎಂಬುದೇ ಮರೆತಿರುತ್ತದೆ.

ಫೈಲನ್ನೇ ಇಲ್ಲಿಗೆ ತರಿಸಿಕೊಂಡು, ಸಾವಕಾಶವಾಗಿ ತಿದ್ದಿ, ಒಂದೇ ಸಲಕ್ಕೆ ವಾಪಸು ಕಳಿಸಿದರಾಯಿತು ಎಂದು ಕಳೆದ ವಾರ ಕೂತೆ. ನಾನು ಬರೆಯುವುದೆಲ್ಲ ಈಮ್ಯಾಕ್ಸ್‌ನಲ್ಲಿ. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಲೋಕಕ್ಕೆ ಬಿಟ್ಟ ಈ ಎಡಿಟರ್‌ನ ಹೊಟ್ಟೆಯೊಳಗೇ ಒಂದು ಟರ್ಮಿನಲ್ ಇದೆ, ಅಂದರೆ ಆಜ್ಞೆ ಬರೆದು ಎಂಟರ್ ಒತ್ತುವ ಕಪ್ಪು ಪರದೆ. ಅಲ್ಲಿಂದ ಎಸ್‌ಎಸ್‌ಎಚ್ ಎಂಬ ಬೀಗ ಹಾಕಿದ ದಾರಿಯಲ್ಲಿ ದೂರದ ಯಂತ್ರದೊಳಕ್ಕೆ ಹೋಗಬಹುದು. ದೂರದ ಫೈಲನ್ನು ಮನೆಯ ಫೈಲಿನಂತೆಯೇ ತೆರೆದುಕೊಡಲು ಟ್ರ್ಯಾಂಪ್ ಎಂಬ ಇನ್ನೊಂದು ಸಲಕರಣೆ ಇದೆ. ಅದು ಶುರುವಾದದ್ದು 1998ರಲ್ಲಿ. 2007ರ ಈಮ್ಯಾಕ್ಸ್‌ನಿಂದ ಜೊತೆಯಲ್ಲೇ ಬರುತ್ತಿದೆ. ಇಂಗ್ಲಿಷಿನಲ್ಲಿ ಆ ಹೆಸರಿಗೆ ಅಲೆಮಾರಿ ಎಂಬ ಅರ್ಥವೂ ಉಂಟು. ಮೂರೂ ನನ್ನ ಬಳಿ ಇವೆ, ಇನ್ನೇನು ಬೇಕು?

ಟರ್ಮಿನಲ್‌ನಲ್ಲಿ ಸರ್ವರ್‌ಗೆ ಹೋದೆ. ಬೇಕಾದ ಫೋಲ್ಡರಿಗೆ ಇಳಿದೆ. ಫೈಲು ಕಣ್ಣೆದುರಿಗೇ ಕಾಣುತ್ತಿತ್ತು. ತೆರೆಯುವ ಕೀಲಿ ಒತ್ತಿ ಹೆಸರು ಕೊಟ್ಟರೆ ಖಾಲಿ ಹಾಳೆ ಬಂತು. ಕೆಳಗಿನ ಸಾಲಿನಲ್ಲಿ 'ಹೊಸ ಫೈಲ್' ಎಂಬ ಮರ್ಯಾದೆಯ ಸೂಚನೆ ಬೇರೆ.

ಆದದ್ದಿಷ್ಟು. ಟರ್ಮಿನಲ್‌ನೊಳಗೆ ನಾನು ಸಾವಿರ ಮೈಲಿ ಆಚೆ ಹೋಗಿ ನಿಂತಿದ್ದೆ. ಟರ್ಮಿನಲ್ಲನ್ನು ಹೊತ್ತ ಈಮ್ಯಾಕ್ಸ್‌ಗೆ ಅದು ತಿಳಿದಿರಲಿಲ್ಲ. ಅದರ ಪಾಲಿಗೆ ನಾನಿನ್ನೂ ಹುಣಸೂರಿನ ನಡುಮನೆಯಲ್ಲೇ ಇದ್ದೆ. 'ಇಲ್ಲಿರುವ ಫೈಲು ತೆಗೆ' ಎಂದೆ. ಅದು ತನ್ನ 'ಇಲ್ಲಿ'ಯಲ್ಲಿ ಹುಡುಕಿ, ಸಿಗದೆ, ಬಿಳಿ ಹಾಳೆ ಚಾಚಿತು. ಯಾರ 'ಇಲ್ಲಿ', ಯಾವ 'ಇಲ್ಲಿ' ಎಂದು ಗೊಣಗುತ್ತಿರುವಾಗ ಇಪ್ಪತ್ತೈದು ವರ್ಷದಿಂದ ಬಾಯಿಗೆ ಬಾರದಿದ್ದ ಒಂದು ಮಾತು ತಾನಾಗಿ ಬಂತು: ಸದರಿ.

ಆ ಮಾತಿನ ಹಿಂದೆ ಒಬ್ಬ ಮುದುಕರು, ಒಬ್ಬಾಕೆ ವಿಧವೆ, ಮತ್ತು ಇಪ್ಪತ್ತೆರಡು ವರ್ಷದ ನಾನು ಇದ್ದೇವೆ.

* * *

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ಹುಡುಗರಿಗೆ ನಮ್ಮ ಕಡೆ ಆಗ ಇದ್ದ ದಾರಿ ಎರಡು: ಹೊಗೆಸೊಪ್ಪಿನ ಬ್ಯಾರನ್ ಕಾಯುವುದು, ಇಲ್ಲವೇ ಟೈಪಿಂಗ್ ಕ್ಲಾಸಿಗೆ ಸೇರುವುದು. ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಸೌದೆ ತುಂಬುತ್ತ, ಉಷ್ಣ ನೋಡುತ್ತ ನಿದ್ದೆಗೆಡುವುದನ್ನು ಚಿಕ್ಕಪ್ಪನ ಹೊಲದಲ್ಲಿ ಎರಡು ವರ್ಷ ಮಾಡಿದ್ದೆ. ಟೈಪಿಂಗ್ ಮೇಲೆನಿಸಿತು. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಮೇಲೆ ಕನ್ನಡ ಜೂನಿಯರ್, ಸೀನಿಯರ್ ಎರಡನ್ನೂ ಮುಗಿಸಿದೆ. 2000ನೇ ಇಸವಿ ಅದು. ಸರ್ಕಾರ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿತ್ತು. ಯೋಜನೆಯ ಹೆಸರು 'ಭೂಮಿ'. ಅಕ್ಷರ ಕುಟ್ಟುವ ಕೆಲಸವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆದಾರರು ನಮ್ಮಂಥವರನ್ನು ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಬೇಕಾದ ಕಡೆ ಕೂರಿಸುತ್ತಿದ್ದರು. ಮುಂದೆ ಹೇಳುವ ಸಂಗತಿ ಈ ನಾಲ್ಕರಲ್ಲಿ ಯಾವ ತಾಲ್ಲೂಕಿನದೆಂದು ಹೇಳುವುದಿಲ್ಲ. ತಪ್ಪು ನನ್ನದು, ಆ ಊರಿನದಲ್ಲ.

ಪಹಣಿ ಎಂದರೆ ಆರ್‌ಟಿಸಿ, ನಮೂನೆ 16. ಒಂದು ತುಂಡು ನೆಲದ ಜಾತಕ. ಸರ್ವೆ ನಂಬರು, ಹಿಸ್ಸೆ, ಎಷ್ಟು ಎಕರೆ ಎಷ್ಟು ಗುಂಟೆ, ಅದರಲ್ಲಿ ಖರಾಬು ಎಷ್ಟು, ಮಣ್ಣು ಎಂಥದು ಎಂದು ಸಾಗಿ ಒಂಬತ್ತನೇ ಕಾಲಮ್ಮಿಗೆ ಬಂದರೆ ಒಡೆಯನ ಹೆಸರು. ಹನ್ನೊಂದರಲ್ಲಿ ಸಾಲ ಮುಂತಾದ ಋಣ. ಹನ್ನೆರಡರಲ್ಲಿ ಉಳುವವನ ಹೆಸರು, ಬೆಳೆ. ಹಳ್ಳಿಯಲ್ಲಿ ಮಿಕ್ಕ ಕಾಲಮ್ಮುಗಳನ್ನು ಯಾರೂ ಕೇಳರು. 'ಒಂಬತ್ರಲ್ಲಿ ಯಾರವ್ರೆ?' ಎಂಬುದೇ ಪ್ರಶ್ನೆ.

ನಮ್ಮ ಕೋಣೆಯಲ್ಲಿ ಆರು ಕಂಪ್ಯೂಟರು, ಎರಡು ಫ್ಯಾನು. ಫ್ಯಾನ್ ಹಾಕಿದರೆ ಪುಸ್ತಕದ ಹಾಳೆ ಹಾರುತ್ತಿತ್ತು, ಆರಿಸಿದರೆ ಬೆವರು ಹಾಳೆಯ ಮೇಲೆ ಬೀಳುತ್ತಿತ್ತು. ಪುಸ್ತಕಗಳೋ, ಕೆಂಪು ಬಟ್ಟೆಯ ಗಂಟಿನಲ್ಲಿ ಬಂದು, ಬಿಚ್ಚಿದೊಡನೆ ಜಿರಲೆ ವಾಸನೆ ಹೊಡೆಯುವಂಥವು. ಒಬ್ಬರ ಕೈಬರಹ ಇನ್ನೊಬ್ಬರಿಗೆ ತಿಳಿಯದು. ಹೀಗಾಗಿ ಆಯಾ ವೃತ್ತದ ಗ್ರಾಮ ಲೆಕ್ಕಿಗರು ಪಕ್ಕದಲ್ಲಿ ಕೂತು ಓದುವುದು, ನಾವು ಒತ್ತುವುದು.

ನನ್ನ ಪಾಲಿಗೆ ಬಂದವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಬ್ಬ ಲೆಕ್ಕಿಗರು. ಶಾನುಭೋಗಿಕೆ ರದ್ದಾಗಿ ದಶಕಗಳೇ ಕಳೆದಿದ್ದರೂ ಹಳ್ಳಿಯವರು ಅವರನ್ನು ಶಾನುಭೋಗ್ರು ಎಂದೇ ಕರೆಯುತ್ತಿದ್ದರು. ಬಿಳಿ ಪಂಚೆ, ಜೇಬಿನಲ್ಲಿ ನಶ್ಯದ ಡಬ್ಬಿ, ಕನ್ನಡಕದ ಒಂದು ಕಾಲಿಗೆ ದಾರ. ಅವರು ಓದುತ್ತಿದ್ದದ್ದು ಪುಸ್ತಕವನ್ನೋ ಹೊಲವನ್ನೋ ತಿಳಿಯುತ್ತಿರಲಿಲ್ಲ. 'ನಲವತ್ತೇಳರಲ್ಲಿ ಎರಡು, ಒಂದು ಎಕರೆ ಹತ್ತು ಗುಂಟೆ. ಇದು ಹುಣಸೇಮರದ ಕೆಳಗಿನ ತಾಕು ಕಣಪ್ಪ. ಮಳೆ ನೀರೆಲ್ಲ ಇದಕ್ಕೇ ನುಗ್ಗುತ್ತೆ. ಇವನೂ ಇವನ ತಮ್ಮನೂ ಬದು ಕೆಡವಿ ಜಗಳ ಆಡಿದ್ರು, ಆ ವರ್ಷ...' ನಾನು ನಡುವೆ ಬಾಯಿ ಹಾಕುತ್ತಿದ್ದೆ: 'ಸಾರ್, ಬುಕ್ಕಲ್ಲಿ ಇರೋದಷ್ಟು ಓದಿ ಸಾಕು.' ನಮಗೆ ಲೆಕ್ಕ ಪಹಣಿಗಿಷ್ಟು ಎಂದು. ಹುಣಸೇಮರ ಟೈಪಾದರೆ ದುಡ್ಡು ಬರುತ್ತಿರಲಿಲ್ಲ.

* * *

ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಒಂದೇ ಹೆಸರನ್ನು ಹತ್ತು ಸಲ ಬರೆಯುವ ಬದಲು ಮೊದಲ ಸಾಲಿನಲ್ಲಿ ಪೂರ್ತಿ ಬರೆದು, ಕೆಳಗೆ 'ಸದರಿ' ಎಂದು ಎಳೆಯುವುದು ಪದ್ಧತಿ. ಸದರಿ ಎಂದರೆ ಮೇಲೆ ಹೇಳಿದ. ಸದರಿ ಸ್ವತ್ತು, ಸದರಿಯವರು ಎಂದು ಕಚೇರಿ ಪತ್ರಗಳಲ್ಲಿ ಇಂದಿಗೂ ಕಾಣುತ್ತೇವೆ. ಕಾಗದದ ಮೇಲೆ ಅದು ಸೊಗಸಾದ ಉಳಿತಾಯ. ಕಣ್ಣು ಒಂದು ಸಾಲು ಮೇಲಕ್ಕೆ ಹೋದರೆ ಸಾಕು, ಹೆಸರು ಸಿಗುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಒಂದೊಂದು ತುಂಡು ನೆಲವೂ ತನ್ನ ಪಾಡಿಗೆ ಒಂಟಿ. ಅದಕ್ಕೆ ಮೇಲಿನ ಸಾಲು ಇಲ್ಲ. ಆದಕಾರಣ ಸದರಿ ಬಂದಲ್ಲೆಲ್ಲ ಅದರ ಹಿಂದಿನ ಹೆಸರನ್ನು ಹುಡುಕಿ ಪೂರ್ತಿಯಾಗಿ ಒತ್ತಬೇಕಿತ್ತು.

ಆ ಹುಣಸೇಮರದ ತಾಕಿನ ಪುಟದಲ್ಲಿ ಮೂರು ಹಿಸ್ಸೆ ಇದ್ದವು. ಮೊದಲನೆಯದರಲ್ಲಿ ಒಬ್ಬಾಕೆಯ ಹೆಸರು, ಮುಂದೆ 'ಕೋಂ ಲೇಟ್' ಎಂದು ಗಂಡನ ಹೆಸರು. ನಮ್ಮ ಕಡೆಯ ದಾಖಲೆಗಳಲ್ಲಿ ಮಗನಾದರೆ ಬಿನ್, ಹೆಂಡತಿಯಾದರೆ ಕೋಂ. ಕೊನೆಯ ಹಿಸ್ಸೆಯ ಎದುರು ಸದರಿ. ಇವೆರಡರ ನಡುವೆ, ಬೇರೆ ಶಾಯಿಯಲ್ಲಿ, ಆಮೇಲೆ ತುರುಕಿದ ಒಂದು ಸಾಲು. ಅಲ್ಲಿ ಆಕೆಯ ಭಾವನ ಹೆಸರು.

'ಇದು ನಡುವಿನೋನ ಸದರಿ ಅಲ್ಲ ಕಣಪ್ಪ. ಅದರ ಮೇಲಿನವಳದು. ಆ ಸಾಲು ನಾನೇ ಆಮೇಲೆ ಸೇರಿಸಿದ್ದು' ಎಂದು ಲೆಕ್ಕಿಗರು ಹೇಳಿದರು. ಹೇಳಿದ್ದು ಕಿವಿಗೆ ಬಿದ್ದದ್ದೂ ನೆನಪಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಮತ್ತೆ ಶುರುವಾಗಿ, ನಾನು ಮತ್ತೆ ಪುಟ ನೋಡಿ, ಹತ್ತಿರದ ಹೆಸರನ್ನೇ ಒತ್ತಿದೆ. ಅವರು ನಶ್ಯಕ್ಕೆಂದು ಹೊರಗೆ ಹೋಗಿದ್ದರು. ಟೈಪಾದದ್ದನ್ನು ಅಚ್ಚು ಹಾಕಿ ತಾಳೆ ನೋಡಲು ಲೆಕ್ಕಿಗರಿಗೇ ಕೊಡುವ ಕ್ರಮವಿತ್ತು. ಆ ಕಂತೆಯನ್ನು ಅವರ ಮುಂದಿಟ್ಟಾಗ ಸಂಜೆಯಾಗಿತ್ತು, ಅಕ್ಷರ ಸಣ್ಣದಿತ್ತು, ನನಗೆ ಬಸ್ಸಿನ ಹೊತ್ತಾಗಿತ್ತು. 'ಬೇಗ ಸೈನ್ ಹಾಕಿ ಸಾರ್' ಎಂದೆ. ಹಾಕಿದರು.

* * *

ಮುಂದಿನ ವರ್ಷ ಅದೇ ಕಚೇರಿಯ ಕಿಟಕಿಯ ಹಿಂದೆ ಪ್ರಿಂಟರಿಗೆ ಹಾಳೆ ತುಂಬುವ ಕೆಲಸಕ್ಕೆ ಕೆಲವು ತಿಂಗಳು ಇದ್ದೆ. ಹದಿನೈದು ರೂಪಾಯಿ ಕೊಟ್ಟರೆ ಯಾರ ಪಹಣಿ ಬೇಕಾದರೂ ನಿಮಿಷದಲ್ಲಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿ ಇನ್ನು ನಡೆಯದು ಎಂದಾಗಿತ್ತು. ಸಾಲು ಹೊರಗಿನ ಬೇವಿನ ಮರದವರೆಗೆ. ಆ ಸಾಲಿನಿಂದ ಒಂದು ದಿನ ಆಕೆ ಬಂದರು. ಪಹಣಿ ಹಿಡಿದು ಹೋದವರು ಓದಬಲ್ಲವರಿಗೆ ತೋರಿಸಿ ಮತ್ತೆ ಬಂದರು.

'ಒಂಬತ್ರಲ್ಲಿ ನಮ್ ಭಾವ್ನ್ ಹೆಸ್ರು ಅದೆ ಅಂತಾರಲ್ಲ ಸಾಮಿ. ಹೊಲ ನಂದು ಕನಪ್ಪ.'

ಹಾಳೆ ನೋಡಿದೊಡನೆ ಗೊತ್ತಾಯಿತು. ಆ ಪುಟದ ಬೇರೆ ಶಾಯಿ ಕಣ್ಣಿಗೆ ಕಟ್ಟಿದಂತಿತ್ತು. ಕಿಟಕಿಯ ಹಿಂದಿನಿಂದ ನಾನು ಹೇಳಿದ್ದು: 'ಕಂಪ್ಯೂಟರ್‌ನಲ್ಲಿ ಹಾಗೇ ಇದೆ ಅಮ್ಮ. ತಿದ್ದುಪಡಿಗೆ ಅರ್ಜಿ ಕೊಡಿ.'

ಎರಡು ವಾಕ್ಯ, ಎರಡೂ ನಿಜ. ನನ್ನ ಬದುಕಿನಲ್ಲಿ ಆಡಿದ ದೊಡ್ಡ ಸುಳ್ಳು ಅದೇ ಎಂದು ಈಗ ಅನಿಸುತ್ತದೆ.

ಲೆಕ್ಕಿಗರನ್ನು ಆಮೇಲೆ ಒಮ್ಮೆ ಮೈಸೂರಿನ ಬಸ್ಸಿನಲ್ಲಿ ಕಂಡೆ. ಅಷ್ಟರಲ್ಲಿ ನಿವೃತ್ತರಾಗಿದ್ದರು. ಪಕ್ಕದಲ್ಲಿ ಜಾಗ ಕೊಟ್ಟರು. ಇಳಿಯುವ ಸ್ವಲ್ಪ ಮುಂಚೆ ತಾವಾಗಿಯೇ ಹೇಳಿದರು: 'ಆ ಹುಣಸೇಮರದ ತಾಕು, ಸರಿ ಮಾಡಿಸಿದೆ. ಎಂಟು ತಿಂಗಳು ಹಿಡೀತು. ನಾನೇ ಅರ್ಜಿ ಬರೆದು, ನಾನೇ ಆಯಮ್ಮನ್ನ ಕರ್ಕೊಂಡು ಹೋಗಿ...' ಯಾರು ತಪ್ಪು ಮಾಡಿದ್ದು ಎಂಬ ಮಾತು ಎತ್ತಲಿಲ್ಲ. 'ಸೈನ್ ಹಾಕಿದೋನು ನಾನಲ್ವಾ' ಎಂದಷ್ಟೇ ಅಂದು ನಶ್ಯ ಏರಿಸಿದರು.

* * *

ಅವರನ್ನು ದೇವರು ಮಾಡಿ ಕೂರಿಸುವ ಆಸೆ ನನಗಿಲ್ಲ. ಪಹಣಿ ಕೇಳಿ ಮನೆ ಬಾಗಿಲಿಗೆ ಬಂದವರಿಂದ ಅವರು ಹತ್ತಿಪ್ಪತ್ತು ಕಿತ್ತುಕೊಳ್ಳುತ್ತಿದ್ದರು. ಕೆಲವರನ್ನು ಮೂರು ಸಲ ಅಲೆಸುತ್ತಿದ್ದರು. 'ಬುಕ್ ಸಾಹೇಬ್ರ ಹತ್ರ ಇದೆ' ಎಂದು ಪುಸ್ತಕವನ್ನು ದಿಂಬಿನಡಿ ಇಟ್ಟು ಮಲಗಿದ್ದನ್ನು ಅವರೇ ನಗುತ್ತ ಹೇಳಿದ್ದರು. ಆ ನಡುವೆ ತುರುಕಿದ ಸಾಲಿಗೆ ಎಷ್ಟು ಸಿಕ್ಕಿತ್ತೋ, ನಾನು ಕೇಳಲಿಲ್ಲ. ಹೊಲ ಬಲ್ಲವನ ಕೈಯಲ್ಲೇ ಪುಸ್ತಕವೂ ಇದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಉಳುವವನೇ ಒಡೆಯ ಎಂಬ ಕಾನೂನು ಜಾರಿಗೆ ಬಂತು. ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಹೋದರೆ ಅಲ್ಲಿ ಕೇಳುತ್ತಿದ್ದದ್ದು ಪಹಣಿಯಲ್ಲಿ ಉಳುವವನೆಂದು ಯಾರ ಹೆಸರಿದೆ ಎಂದು. ಬರೆಯುವವನು ಬರೆಯದೇ ಬಿಟ್ಟಿದ್ದರೆ ಇಪ್ಪತ್ತು ವರ್ಷ ಉತ್ತವನೂ ಸಾಕ್ಷಿ ಹುಡುಕಿಕೊಂಡು ಅಲೆಯಬೇಕಿತ್ತು.

ಆ ಲೆಕ್ಕದಲ್ಲಿ 'ಭೂಮಿ' ಮಾಡಿದ್ದು ಸಣ್ಣ ಕೆಲಸವಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಬೆಳಕಿಗೆ ಬಂದವು. ದಾಖಲೆ ತಿದ್ದಬೇಕಾದರೆ ಬೆರಳೊತ್ತಿಯೇ ಒಳಹೋಗಬೇಕೆಂದು ಮಾಡಿದರು. ದಿಂಬಿನಡಿಯ ಪುಸ್ತಕದ ಕಾಲ ಮುಗಿಯಿತು. ಅದನ್ನು ಮುಗಿಸಿದ ಲಕ್ಷಾಂತರ ಬೆರಳೇಟುಗಳಲ್ಲಿ ನನ್ನವೂ ಇವೆ ಎಂಬ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಬೆಂಗಳೂರಿನ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದೇನೆ. ಹುಣಸೇಮರದ ತಾಕಿನ ವಿಷಯ ಮಾತ್ರ ಹೇಳಿಕೊಂಡವನಲ್ಲ. ಮುದುಕರ ಹುಣಸೇಮರ, ಬದುವಿನ ಜಗಳ, ಮಳೆನೀರು ಎಲ್ಲ ನನಗೆ ಹರಟೆಯಾಗಿತ್ತು. ದೂರದ ಹೊಲ ತಾನೆಲ್ಲಿದ್ದೇನೆ, ಯಾರದಾಗಿದ್ದೇನೆ ಎಂದು ಅವರ ಬಾಯಿಂದ ನನಗೆ ಹೇಳುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು, ನನಗೆ ಹತ್ತಿರವಿದ್ದ ಸಾಲನ್ನೇ ಮೇಲಿನ ಸಾಲೆಂದು ಹಿಡಿದೆ.

* * *

ಈಮ್ಯಾಕ್ಸ್‌ಗೂ ಬೇಕಾಗಿದ್ದದ್ದು ಆ ಲೆಕ್ಕಿಗರಂಥ ಒಬ್ಬರು. ಅದರ ಟರ್ಮಿನಲ್ಲನ್ನು ಬರೆದವರು ಇದಕ್ಕೊಂದು ದಾರಿ ಇಟ್ಟಿದ್ದಾರೆ, ತಿಳಿದವರು ಕಡಿಮೆ. ದೂರದ ಯಂತ್ರದಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಶುರುವಾಗುವಾಗ ಓದುವ ಫೈಲಿನಲ್ಲಿ ಕೆಲವೇ ಸಾಲು ಸೇರಿಸಬೇಕು. ಆಮೇಲೆ ಪ್ರತಿ ಆಜ್ಞೆ ಮುಗಿದಾಗಲೂ ಅದು ಮೂರು ಸಂಗತಿ ಕಳಿಸುತ್ತದೆ: ನಾನು ಇಂಥ ಬಳಕೆದಾರ, ಇಂಥ ಯಂತ್ರದಲ್ಲಿದ್ದೇನೆ, ಇಂಥ ಫೋಲ್ಡರಿನಲ್ಲಿ ನಿಂತಿದ್ದೇನೆ. ಎಸ್ಕೇಪ್ ಎಂಬ ಕಾಣದ ಅಕ್ಷರ, ಅದರ ಹಿಂದೆ 'ಆನ್‌ಸಿಟ್' ಎಂಬ ಗುರುತು, ಆಮೇಲೆ ಯು, ಎಚ್, ಸಿ ಎಂಬ ಒಂದೊಂದೇ ಅಕ್ಷರದ ಜೊತೆ ಆಯಾ ಉತ್ತರ. ಈಮ್ಯಾಕ್ಸ್ ಈ ಸಾಲುಗಳನ್ನು ಪರದೆಗೆ ತೋರಿಸದೆ ತಾನೇ ನುಂಗಿ, ತನ್ನ 'ಇಲ್ಲಿ' ಎಲ್ಲಿ ಎಂಬುದನ್ನು ಬದಲಿಸಿಕೊಳ್ಳುತ್ತದೆ. ಮುಂದೆ 'ಇಲ್ಲಿರುವ ಫೈಲು ತೆಗೆ' ಎಂದರೆ ಟ್ರ್ಯಾಂಪ್ ಹೊರಟು ಅಲ್ಲಿಂದ ತರುತ್ತದೆ. ಬೇರೆ ಟರ್ಮಿನಲ್‌ನಿಂದ ಹೋದಾಗ ಇದೇ ಸಾಲುಗಳು ಕಸದಂತೆ ಪರದೆಗೆ ಬೀಳುತ್ತವೆ. ಕೇಳುತ್ತಿರುವುದು ಈಮ್ಯಾಕ್ಸೇ ಹೌದೇ ಎಂದು ಮೊದಲು ನೋಡಿಕೊಳ್ಳಬೇಕು.

ಸೇರಿಸಿದೆ. ಖಾಲಿ ಹಾಳೆ ಹೋಯಿತು, ಈಗ ಯಂತ್ರವೇ ಸಿಗುವುದಿಲ್ಲ ಎಂಬ ದೂರು ಬಂತು. ಸರ್ವರ್ ತನ್ನ ಹೆಸರೆಂದು ಹೇಳಿದ್ದು ಒಳಮನೆಯಲ್ಲಿ ಕರೆಯುವ ಹೆಸರು. ಆ ಹೆಸರು ಹಿಡಿದು ಹುಣಸೂರಿನಿಂದ ಹೊರಟವನಿಗೆ ದಾರಿ ಇಲ್ಲ. ನನಗೆ ನಗು ಬಂತು, ನಮ್ಮ ಊರುಗಳ ಕಥೆಯೇ ಇದು. ಕೆ.ಆರ್. ನಗರವನ್ನು ಹಳಬರು ಎಡತೊರೆ ಎನ್ನುತ್ತಾರೆ. ಪಿರಿಯಾಪಟ್ಟಣ ಇಂಗ್ಲಿಷ್ ಫಲಕದ ಮೇಲೆ ಪೆರಿಯಾಪಟ್ನ ಆಗುತ್ತದೆ. ಹೆಗ್ಗಡದೇವನಕೋಟೆ ಕಾಗದದಲ್ಲಿ ಎಚ್.ಡಿ. ಕೋಟೆ, ಬಸ್ಸಿನವನ ಬಾಯಲ್ಲಿ ಬರೀ ಕೋಟೆ. ಅದರೊಳಗಿದ್ದ ಸರಗೂರು, ಕೆ.ಆರ್. ನಗರದೊಳಗಿದ್ದ ಸಾಲಿಗ್ರಾಮ ಈಗ ಬೇರೆಯೇ ತಾಲ್ಲೂಕುಗಳು. ಹಳೆಯ ವಿಳಾಸ ಹಿಡಿದು ಹೋದರೆ ಊರು ಅಲ್ಲೇ ಇದ್ದರೂ ಕಾಗದ ಸಿಗದು. ಸರ್ವರ್ ತನ್ನನ್ನು ಏನೆಂದು ಕರೆದುಕೊಂಡರೂ ನಾನು ಯಾವ ಹೆಸರಿನಿಂದ ಅದನ್ನು ತಲುಪುತ್ತೇನೋ ಅದನ್ನೇ ಹೇಳುವಂತೆ ಸಾಲು ತಿದ್ದಿದೆ. ಫೈಲು ತೆರೆಯಿತು.

ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಒಂದೊಂದು ಅಕ್ಷರವೂ ಒತ್ತಿದೊಡನೆ ಮೂಡುತ್ತಿತ್ತು.

* * *

ಆ ಉತ್ಸಾಹದಲ್ಲಿ ಅಮ್ಮನನ್ನು ಕರೆದೆ. ದೂರದ್ದೆಲ್ಲ ಹೇಗೆ ಕೂತಲ್ಲೇ ತೆರೆಯುತ್ತದೆ ಎಂದು ಅವರಿಗೆ ಅರ್ಥವಾಗುವಂತೆ ತೋರಿಸಬೇಕೆಂದು ನಮ್ಮದೇ ಹೊಲದ ಪಹಣಿ ತೆಗೆದೆ. ಈಗ ಅದಕ್ಕೆ ಕಿಟಕಿಯೂ ಬೇಡ, ಸಾಲೂ ಬೇಡ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಮೊಬೈಲಿನಲ್ಲೇ ಬರುತ್ತದೆ. ಗ್ರಾಮ ಲೆಕ್ಕಿಗರೂ ಈಗ ಗ್ರಾಮ ಆಡಳಿತ ಅಧಿಕಾರಿಗಳು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯ ಹಳೆಯ ಗಂಟುಗಳನ್ನೂ ಬಿಚ್ಚಿ ಸ್ಕ್ಯಾನ್ ಮಾಡುತ್ತಿದ್ದಾರೆ.

ಅಮ್ಮ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಒಂಬತ್ತನೇ ಕಾಲಮ್ಮನ್ನೇ.

'ಇದ್ರಲ್ಲಿ ಇನ್ನೂ ನಿಮ್ಮ ತಾತ ಇದ್ದಾರಲ್ಲೋ' ಎಂದರು.

ತಾತ ತೀರಿಕೊಂಡಾಗ ನಾನು ಹೈಸ್ಕೂಲು. ಅಪ್ಪ ಹೋಗಿಯೂ ಹನ್ನೊಂದು ವರ್ಷ. ಪೌತಿ ಖಾತೆ ಮಾಡಿಸಬೇಕು, ಮಾಡಿಸಬೇಕು ಎನ್ನುತ್ತಲೇ ದಿನ ತಳ್ಳಿದ್ದೆವು. ಊರವರ ಹೊಲಗಳನ್ನೆಲ್ಲ ಒತ್ತಿದ ಬೆರಳು ಮನೆಯ ಹೊಲವನ್ನು ಮುಟ್ಟಿರಲಿಲ್ಲ.

'ಕಂಪ್ಯೂಟರ್‌ನಲ್ಲಿ ಹಾಗೇ ಇದೆ ಅಮ್ಮ' ಎಂದೆ. ಹೇಳಿದ ಮೇಲೆ ಆ ಮಾತನ್ನು ಹಿಂದೊಮ್ಮೆ ಎಲ್ಲಿ ಹೇಳಿದ್ದೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

'ಅದಕ್ಕೇನು ಗೊತ್ತಾಗುತ್ತೆ ಪಾಪ' ಎಂದು ಅಮ್ಮ ಕನ್ನಡಕ ತೆಗೆದರು. 'ನಾವು ಹೋಗಿ ಹೇಳಿದ್ರೆ ತಾನೆ.'

ಸೋಮವಾರ ಮಳೆ ಬಿಟ್ಟಿರಲಿಲ್ಲ. ತಾತನ ಮರಣಪತ್ರ ಸಿಗಲಿಲ್ಲ. ಅಪ್ಪನದು, ವಂಶವೃಕ್ಷದ ಕಾಗದ, ಇಬ್ಬರ ಆಧಾರ್ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಾವಿಬ್ಬರೂ ಆಟೋ ಹತ್ತಿದೆವು. ಅರ್ಜಿಯಲ್ಲಿ ತಾತನ ಹೆಸರು ಆರು ಕಡೆ ಬರೆಯಬೇಕಿತ್ತು. ಆರು ಕಡೆಯೂ ಪೂರ್ತಿಯಾಗಿ ಬರೆದೆ.